ಐದನೆಯ ಮಾತು

ನಾಲ್ಕೂ ಮುಕ್ಕಾಲಿಗೆ ಮಿಷನ್ ಆಸ್ಪತ್ರೆಯ ಗೇಟು ಕಿರುಗುಡುತ್ತದೆ.
ರಾತ್ರಿ ಪಾಳಿಯ ಜೀವರತ್ನ ಕಿಟಕಿಯಿಂದಲೇ ಕೇಳುತ್ತಾಳೆ,
“ಇವತ್ತೆಷ್ಟು?”
ಬೆರಳಲ್ಲಿ ತೋರಿಸುತ್ತೇನೆ, ಮೂರು ಸಲ ಹತ್ತು.
ಅಯ್ಯೋ ಅಂದು ಪರದೆ ಎಳೆದುಕೊಳ್ಳುತ್ತಾಳೆ.

ಬೋರಣ್ಣ ಮೇಷ್ಟ್ರ ಚೀಟಿಯಲ್ಲಿ ದಿನಕ್ಕೆರಡು ಮೊಟ್ಟೆ.
ಸಭಾಪಾಲಕರ ಚೀಟಿಯಲ್ಲಿ ನಲವತ್ತು ದಿನ ಅದೇ ಮೊಟ್ಟೆ ವರ್ಜ್ಯ.
ಎರಡನ್ನೂ ಫ್ರಿಜ್ಜಿನ ಬಾಗಿಲಿಗೆ ಒಂದೇ ಆಯಸ್ಕಾಂತದಲ್ಲಿ ಸಿಕ್ಕಿಸಿ
ಮುದ್ದೆ, ಹುರುಳಿಸಾರು ಉಣ್ಣುತ್ತೇನೆ.
ಇಬ್ಬರೂ ಒಪ್ಪಿದ್ದಾರೆ, ಅರೆಮನಸ್ಸಿನಿಂದ.

ಓಟ ಇರುವುದು ಚಿಕ್ಕಮಗಳೂರಿನ ಬೆಟ್ಟದ ದಾರಿಯಲ್ಲಿ,
ಭಾನುವಾರ.
ಯಾವ ಓಟ ತಾನೇ ಭಾನುವಾರ ಇರುವುದಿಲ್ಲ?
ಆರಾಧನೆಯ ಹೊತ್ತಿಗೆ ನಾನು ಯಾವುದೋ ಏರಿನಲ್ಲಿರುತ್ತೇನೆ,
ಇಲ್ಲಿ ಕಾಣಿಕೆಯ ಚೀಲ ನನ್ನ ಖಾಲಿ ಜಾಗವನ್ನು ಹಾರಿ
ಪಕ್ಕದವರ ಕೈಗೆ ಹೋಗುತ್ತದೆ.

ಅದಕ್ಕೂ ಮೊದಲು ಶುಭ ಶುಕ್ರವಾರ.
ಶಿಲುಬೆಯ ಏಳು ಮಾತು, ಮಾತಾಡಲು ಏಳು ಜನ.
ಕ್ಷಮೆಯ ಮಾತು ಪ್ರತಿವರ್ಷ ವಕೀಲ ದೇವಪ್ರಸನ್ನರಿಗೆ,
ತಾಯಿಯ ಮಾತು ಸ್ತ್ರೀಯರ ಕೂಟದ ಅಧ್ಯಕ್ಷೆಗೆ.
ನನಗೆ ಉಳಿದದ್ದು ಐದನೆಯದು, ಬಾಯಾರಿಕೆಯದು.
ಯಾರೂ ಕೇಳಿ ಪಡೆಯುವುದಿಲ್ಲ ಅದನ್ನು.
ಹತ್ತು ನಿಮಿಷ ತುಂಬಿಸುವಷ್ಟು ಏನಿದೆ ಅದರಲ್ಲಿ?

ಡೇರಿ ದಾಟಿ, ತೆಂಗಿನಕಾಯಿ ಲಾರಿಗಳ ಹೊಗೆ ದಾಟಿ, ಗೊರೂರು ರಸ್ತೆ.
ಹದಿನೆಂಟರ ತನಕ ಪ್ರಾರ್ಥನೆ ಉಸಿರಿನ ಜೊತೆಗಿತ್ತು,
ಎರಡು ಹೆಜ್ಜೆಗೆ ಕರ್ತನೇ, ಎರಡು ಹೆಜ್ಜೆಗೆ ಕರುಣಿಸು.
ಇಪ್ಪತ್ತೆರಡರಲ್ಲಿ ಕರುಣಿಸು ಬಿದ್ದುಹೋಯಿತು.
ಇಪ್ಪತ್ತಾರರಲ್ಲಿ ಕರ್ತನೂ.
ಸೊಂಟದ ಬಾಟಲಿ ಎಂದೋ ಬರಿದು.
ಉಳಿದದ್ದು ನಾಲಿಗೆ, ಬಾಯೊಳಗೆ ಯಾರೋ ಮರೆತುಹೋದ
ಒಣ ಚರ್ಮದ ಚೂರು.

ತಿರುವಿನಲ್ಲಿ ಹಾಲಿನ ಟೆಂಪೊ.
ನೀರು, ಅಂದೆ.
ಅಣ್ಣಾ ಅನ್ನಲಿಲ್ಲ, ದಯವಿಟ್ಟು ಅನ್ನಲಿಲ್ಲ,
ನಲವತ್ತಮೂರು ವರ್ಷದ, ಹದಿನಾರು ನರ್ಸುಗಳ ಮೇಲ್ವಿಚಾರಕಿ,
ಮಗುವಿನ ಹಾಗೆ ನೀರು, ಅಂದೆ.
ಅವನು ಕ್ಯಾನಿನ ಮುಚ್ಚಳಕ್ಕೆ ಸುರಿದುಕೊಟ್ಟ.
ಜಿಡ್ಡು ಬೆರೆತು ಬೆಳ್ಳಗಾದ ನೀರು, ಹಸುವಿನ ವಾಸನೆ.
“ಯಾರಕ್ಕ ಅಟ್ಟಿಸ್ಕಂಡ್ ಬರ್ತಾವ್ರೆ?”
ತಿರುಗಿ ನೋಡಿದೆ, ನಿಜವಾಗಿ.
ರಸ್ತೆ ಮಾತ್ರ ಇತ್ತು.

ಅವನೂ ಕೇಳಿದ್ದ.
ಒಮ್ಮೆ ಬಾವಿಯ ಬಳಿ ಬಂದ ಹೆಂಗಸನ್ನು,
ಒಮ್ಮೆ ಮೊಳೆ ಹೊಡೆದವರನ್ನು.
ಎರಡು ಸಲವೂ ಕೇಳಬಾರದವರನ್ನೇ.
ನಾನು ಇಷ್ಟು ದಿನ ಅವನಿಂದ ಬೇಡಿದ್ದೇನೆ,
ಪರೀಕ್ಷೆಗೆ, ಗರ್ಭಕ್ಕೆ, ಮೊನ್ನೆ ಮೊಣಕಾಲಿಗೆ.
ಅವನಿಗೇನು ಬೇಕಿತ್ತೆಂದು ಕೇಳಿದ ನೆನಪಿಲ್ಲ.

ವಾಪಸು ಬರುವಾಗ ಎಡಮೀನಖಂಡ ಹಿಡಿದುಕೊಂಡಿತು.
ಸ್ಮಶಾನದ ಗೋಡೆಯುದ್ದಕ್ಕೂ ಕುಂಟಿದೆ.
ಒಳಗೆ ಅಪ್ಪನ ಕಲ್ಲು, ಸಮಾಧಾನಪ್ಪ, ಎಕ್ಸ್‌ರೇ ಕೋಣೆಯ ಅಟೆಂಡರು,
‘ಓಟ ಮುಗಿಸಿದರು.’
ಅಕ್ಷರಕ್ಕೆ ಹದಿನೈದು ರೂಪಾಯಿ, ಅಮ್ಮ ಚಿಕ್ಕದನ್ನೇ ಆರಿಸಿದ್ದಳು.
ಪೋಲಿಯೊ ಬಡಿದ ಕಾಲು, ಒಂದು ಬೂಟಿಗೆ ಮೂರಂಗುಲ ಹಲಗೆ,
ಹೋಗುತ್ತಿರುವ ಬಸ್ಸಿಗೂ ಓಡಿದವರಲ್ಲ.
ಕಲ್ಲು ಸುಳ್ಳು ಹೇಳುತ್ತದೆಂದು ನಾನೂ ತಮ್ಮನೂ ನಗುತ್ತಿದ್ದೆವು.

ಟಕ್, ಸರ್ರ್. ಟಕ್, ಸರ್ರ್.
ಗೋಡೆಗೆ ಬಡಿದು ಬಂದ ನನ್ನ ಹೆಜ್ಜೆಯ ಸದ್ದು
ಆಸ್ಪತ್ರೆಯ ಕಾರಿಡಾರಿನದು, ಮೂವತ್ತೊಂದು ವರ್ಷದ್ದು,
ರಾತ್ರಿ ಎರಡಕ್ಕೆ ಯಾರದೋ ಮುರಿದ ಮೂಳೆಯ ಕಡೆ ಹೊರಟದ್ದು.
ಆ ದೂರವನ್ನು ಯಾರೂ ಅಳೆಯಲಿಲ್ಲ.

ಗೇಟಿನಲ್ಲಿ ಜೀವರತ್ನ, ಪಾಳಿ ಮುಗಿಸಿ, ಕೈಚೀಲ ಹಿಡಿದು.
“ಎಷ್ಟಾಯ್ತು?”
ಇಪ್ಪತ್ತೊಂಬತ್ತು. ಒಂದು ಬಾಕಿ.
ನನ್ನ ಮುಖ ನೋಡಿ ಫ್ಲಾಸ್ಕಿಗೆ ಕೈಹಾಕುತ್ತಾಳೆ.
ಇರು, ಅನ್ನುತ್ತೇನೆ,
ನಾನೇ ಕೇಳುತ್ತೇನೆ.